ಬ್ಯಾಡಗಿಯಲ್ಲಿ ಕೆಡುವ, ರಾಣೆಬೆನ್ನೂರಿನಲ್ಲಿ ನಡೆಯುವ ಮಷಿನ್

ಅದು ೧೯೯೮ರ ಜನವರಿ. ಧಾರವಾಡದಿಂದ ಬೇರೆಯಾಗಿ ಹಾವೇರಿ ಹೊಸ ಜಿಲ್ಲೆಯಾಗಿ ಆಗಿನ್ನೂ ಅರ್ಧ ವರ್ಷ ಕಳೆದಿರಲಿಲ್ಲ. ನನ್ನ ರಿಪೇರಿ ಅಂಗಡಿ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿಗೆ ಎದುರಾದ ಸಾಲಿನಲ್ಲಿತ್ತು. ಗುತ್ತಲದಿಂದ ಬರುವಾಗ ನನ್ನ ಬಳಿ ಇದ್ದದ್ದು ಒಂದು ಸೋಲ್ಡರಿಂಗ್ ಐರನ್ ಮತ್ತು ಕೆಟ್ಟ ರೇಡಿಯೋ ಕಂಡರೆ ಬಿಚ್ಚಿ ನೋಡುವ ಚಟ, ಅಷ್ಟೇ. ಡಿಪ್ಲೊಮಾ ಇಲ್ಲ, ಗುರುವೂ ಇಲ್ಲ. ರೇಡಿಯೋದಿಂದ ಟೇಪ್ ರೆಕಾರ್ಡರಿಗೆ, ಅಲ್ಲಿಂದ ಟಿ.ವಿ.ಗೆ, ಟಿ.ವಿ.ಯಿಂದ ಎಸ್.ಟಿ.ಡಿ. ಬೂತುಗಳ ಬಿಲ್ ಮಷಿನ್ನಿಗೆ ಹತ್ತಿದವನು ನಾನು. ಊರಲ್ಲಿ ಎಲ್ಲರೂ ರೇಡಿಯೋ ಶಿವಣ್ಣ ಎಂದೇ ಕರೆಯುತ್ತಿದ್ದರು. ರೇಡಿಯೋ ಬಿಟ್ಟು ವರ್ಷಗಳಾದರೂ ಹೆಸರು ಬಿಡಲಿಲ್ಲ.

ಈಗಿನವರಿಗೆ ಎಸ್.ಟಿ.ಡಿ. ಬೂತ್ ಎಂದರೆ ಏನೆಂದು ಹೇಳಬೇಕಾಗುತ್ತದೆ. ಆಗ ಮನೆಮನೆಗೆ ಫೋನ್ ಇರಲಿಲ್ಲ. ಹೊರ ಊರಿಗೆ ಮಾತಾಡಬೇಕಾದರೆ ಹಳದಿ ಬೋರ್ಡಿನ ಬೂತಿಗೆ ಹೋಗಬೇಕು. ಗಾಜಿನ ಡಬ್ಬಿಯಂಥ ಗೂಡಿನಲ್ಲಿ ನಿಂತು ಮಾತಾಡಿ ಹೊರಬಂದರೆ, ಮೇಜಿನ ಮೇಲಿನ ಬಿಲ್ ಮಷಿನ್ ಕಿರ್ರೆಂದು ಸಣ್ಣ ಚೀಟಿ ಹೊಡೆಯುತ್ತಿತ್ತು. ಎಲ್ಲಿಗೆ ಮಾತಾಡಿದಿರಿ, ಎಷ್ಟು ಹೊತ್ತು, ಎಷ್ಟು ರೂಪಾಯಿ ಎಂಬುದೆಲ್ಲ ಅದರಲ್ಲಿ. ಆ ಚೀಟಿ ಇದ್ದರೆ ತಕರಾರಿಲ್ಲ. ಚೀಟಿ ಬರದಿದ್ದರೆ ಬೂತಿನವರ ಬಾಯಿ, ಗಿರಾಕಿಯ ಬಾಯಿ, ಯಾವುದು ದೊಡ್ಡದೋ ಅದು ಗೆದ್ದಂತೆ.

ಜುಬೇದಾಳ ಬೂತ್ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ರಸ್ತೆಯ ಮೇಲಿತ್ತು. ಸಣ್ಣವಳಿದ್ದಾಗ ಪೋಲಿಯೊ ಆಗಿ ಒಂದು ಕಾಲು ಸೋತಿತ್ತು. ಅಂಗವಿಕಲರ ಕೋಟಾದಲ್ಲಿ ಬೂತ್ ಮಂಜೂರಾಗಿತ್ತು. ಜಾಗ ಮಾತ್ರ ಅಣ್ಣ ಇಮಾಮಸಾಬನದು. ಅವನು ಮಾರುಕಟ್ಟೆಗೆ ಗೋಣಿಚೀಲ ಪೂರೈಸುವ ವ್ಯಾಪಾರಿ. ರಸ್ತೆಗೆ ಮುಖಮಾಡಿದ ತನ್ನ ಮನೆಯ ಮುಂದಿನ ಕೋಣೆಯನ್ನು ತಂಗಿಗೆ ಬಿಟ್ಟುಕೊಟ್ಟಿದ್ದ. ಮೆಣಸಿನಕಾಯಿ ಸುಗ್ಗಿ ಬಂದರೆ ಆ ಬೂತಿನ ಮುಂದೆ ವ್ಯಾಪಾರಿಗಳ ಸಾಲು. ಮುಂಬೈಯಲ್ಲಿ ರೇಟ್ ಏನು, ಚೆನ್ನೈಯಲ್ಲಿ ಏನು ಎಂದು ಮಾರುಕಟ್ಟೆ ತೆರೆಯುವ ಮೊದಲೇ ಅವರಿಗೆ ತಿಳಿಯಬೇಕು. ಬೆಳಗಿನ ಹೊತ್ತು ಫೋನಿನ ದರವೂ ಕಡಿಮೆ. ಹಾಗಾಗಿ ಅವಳ ಗಳಿಕೆಯ ದೊಡ್ಡ ಪಾಲು ಚಳಿ ಬಿಡುವುದಕ್ಕೆ ಮೊದಲೇ ಆಗಿಬಿಡುತ್ತಿತ್ತು.

ಬಿಲ್ ಮಷಿನ್ ಕೆಡುತ್ತಿದ್ದುದೂ ಅದೇ ಹೊತ್ತು. ಮಾತು ಮುಗಿಯುತ್ತಿತ್ತು, ಪ್ರಿಂಟರ್ ಒಂದು ಸಲ ಕಿರ್ ಎನ್ನುತ್ತಿತ್ತು, ಅಷ್ಟರಲ್ಲಿ ಮಷಿನ್ನಿನ ಅಂಕಿಗಳೆಲ್ಲ ಆರಿ ಮತ್ತೆ ಸೊನ್ನೆಯಿಂದ ಹತ್ತಿಕೊಳ್ಳುತ್ತಿದ್ದವು. ಬಿಲ್ ಮಾಯ. ಅವಳು ಗಡಿಯಾರ ನೋಡಿ ಹೇಳಿದ ಲೆಕ್ಕವನ್ನು ಯಾವ ವ್ಯಾಪಾರಿ ಒಪ್ಪಿಯಾನು?

ಆಗ ನಮ್ಮ ಕಡೆ ರಿಪೇರಿಯ ಸಾಮಾನು ಹೊತ್ತುಕೊಂಡು ಯಾರೂ ಬರುತ್ತಿರಲಿಲ್ಲ. ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುವುದು ರೂಢಿ. ಕುಪ್ಪೇಲೂರಿನ ಟೇಪ್ ರೆಕಾರ್ಡರ್, ಕರ್ಜಗಿಯ ಆಂಪ್ಲಿಫೈಯರ್, ಎಲ್ಲ ಹಾಗೆಯೇ ಬರುತ್ತಿದ್ದವು. ಬಸ್ ನಿಂತ ಕೂಡಲೇ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ನಾನು ಹೋಗಿ ಇಳಿಸಿಕೊಳ್ಳುತ್ತಿದ್ದೆ. ಬಂದ ದಿನವೇ ನೋಡಿ ಸಂಜೆಯ ಬಸ್ಸಿಗೆ ವಾಪಸ್ ಹಾಕುವುದು ನನ್ನ ಪದ್ಧತಿ. ನನ್ನ ಅಂಗಡಿ ಬೆಳೆದದ್ದೇ ಆ ಪದ್ಧತಿಯಿಂದ.

ಜುಬೇದಾಳ ಮಷಿನ್ನೂ ಹಾಗೆ ಬಂತು. ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದೆ. ಒಳಗಿದ್ದ ಮೆಣಸಿನಕಾಯಿ ಘಾಟು ಎದ್ದು ನನಗೂ ಪಕ್ಕದ ಟೇಲರನಿಗೂ ಅದರಾಚೆಯ ಪಾನ್ ಅಂಗಡಿಯವನಿಗೂ ಸೀನು ಹತ್ತಿತು. ಬ್ರಶ್ಶಿನಿಂದ ಸ್ವಚ್ಛ ಮಾಡಿ ಲೈನಿಗೆ ಹಚ್ಚಿದೆ. ಚೀಟಿ ಮೇಲೆ ಚೀಟಿ ಹೊಡೆಯಿತು. ಧೂಳಿನ ಕೆಲಸ ಇರಬೇಕು ಎಂದು ಸಂಜೆ ಕಳಿಸಿದೆ.

ಎರಡು ದಿನಕ್ಕೆ ಫೋನ್ ಬಂತು.

“ಶಿವಣ್ಣಾ, ನೀ ಕಳಿಸಿದ ಮಷಿನ್ನು ಮತ್ತ ಹಂಗ ಮಾಡಾಕತ್ತೈತಿ.”

“ಯಾವಾಗ ಮಾಡತೈತಿ, ತಂಗಿ?”

“ಮುಂಜಾನೆ ಅಷ್ಟ. ಹೊತ್ತೇರಿದ ಮ್ಯಾಲೆ ಸಾಧು ಆಕಳಿನಂಗ ಇರತೈತಿ.”

ಮುಂಜಾನೆ ಎಂದೊಡನೆ ನನ್ನ ತಲೆ ಹೋದದ್ದು ಕರೆಂಟಿನ ಕಡೆ. ಪಂಪ್‌ಸೆಟ್ಟುಗಳು ಶುರುವಾಗುವ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜ್ ಬೀಳುವುದು ದಿನನಿತ್ಯದ ಮಾತು. ಸ್ಟೆಬಿಲೈಜರ್ ಹಾಕಿಕೋ ಎಂದೆ. ಹಾಕಿಕೊಂಡಳು. ಫರಕು ಬೀಳಲಿಲ್ಲ. ಮಷಿನ್ ಮತ್ತೆ ಬಸ್ಸು ಹತ್ತಿ ಬಂತು, ನನ್ನ ಮೇಜಿನ ಮೇಲೆ ಮತ್ತೆ ಚೀಟಿ ಹೊಡೆಯಿತು.

ಆ ಸಲ ಒಳಗಿನ ಕೆಪ್ಯಾಸಿಟರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ನಮ್ಮ ಭಾಷೆಯಲ್ಲಿ ಕಂಡೆನ್ಸರ್. ಅದರಲ್ಲಿ ಎಲೆಕ್ಟ್ರೋಲಿಟಿಕ್ ಎಂಬ ಜಾತಿಯದು ಸಣ್ಣ ಡಬ್ಬಿಯ ಹಾಗೆ ಇರುತ್ತದೆ. ಒಳಗೆ ಸುತ್ತಿದ ಅಲ್ಯೂಮಿನಿಯಮ್ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ. ಕರೆಂಟಿನ ಏರಿಳಿತವನ್ನು ತಾನು ನುಂಗಿ ಮುಂದಿನ ಭಾಗಗಳಿಗೆ ಒಂದೇ ಸಮನೆ ಕೊಡುವುದು ಅದರ ಕೆಲಸ. ಕಾವಿಗೆ ವರ್ಷಗಟ್ಟಲೆ ಸಿಕ್ಕರೆ ಒಳಗಿನ ಪಸೆ ಆರುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ.

ಅದನ್ನು ಪರೀಕ್ಷಿಸಲು ನನ್ನ ಬಳಿ ಎರಡು ದಾರಿಗಳಿದ್ದವು. ಒಂದು ಮುಳ್ಳಿನ ಮಲ್ಟಿಮೀಟರ್. ಎರಡು ಕಾಲಿಗೆ ತಂತಿ ಮುಟ್ಟಿಸಿದರೆ ಮುಳ್ಳು ಜಿಗಿದು ಮೆಲ್ಲಗೆ ವಾಪಸ್ ಬರಬೇಕು. ಬಂದರೆ ಕಂಡೆನ್ಸರ್ ಚಲೋ ಎಂದು ಹಾವೇರಿಯಿಂದ ಹರಿಹರದ ತನಕ ಎಲ್ಲ ರಿಪೇರಿಯವರೂ ನಂಬಿದ್ದ ಪರೀಕ್ಷೆ ಅದು. ಇನ್ನೊಂದು ಡಿಜಿಟಲ್ ಮೀಟರ್. ಕಂಡೆನ್ಸರ್ ಎಷ್ಟು ಮೈಕ್ರೋಫ್ಯಾರಡ್ ಹಿಡಿಯುತ್ತದೆ ಎಂದು ಅಂಕಿಯಲ್ಲಿ ತೋರಿಸುವಂಥದ್ದು. ಎರಡರಲ್ಲೂ ಜುಬೇದಾಳ ಕಂಡೆನ್ಸರುಗಳು ಪಾಸಾದವು. ಮತ್ತೆ ಕೂಡಿಸಿ ಕಳಿಸಿದೆ.

ಮರುವಾರ ಮಷಿನ್ನಿನ ಜೊತೆ ಇಮಾಮಸಾಬನೇ ಬಂದ. ಮಫ್ಲರ್ ಬಿಚ್ಚಿ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತ. ಸಮಾಧಾನದ ಮನುಷ್ಯ, ಆದರೆ ಅಂದು ಮುಖ ಗಂಟಿಕ್ಕಿತ್ತು.

“ಶಿವಣ್ಣಾರ, ಒಂದ ಮಾತ ಹೇಳಿಬಿಡ್ರಿ. ಮಷಿನ್ನು ಚಲೋ ಐತೋ, ಕೆಟ್ಟೈತೋ?”

“ಇಲ್ಲಿ ಚಲೋ ಐತಿ.”

“ಇಲ್ಲಿ ಚಲೋ, ಅಲ್ಲಿ ಕೆಟ್ಟ. ಮಷಿನ್ನು ಏನು ತವರಮನಿ, ಗಂಡನ ಮನಿ ಅಂತ ಫರಕ ಮಾಡತೈತೇನ್ರಿ?”

ಪಕ್ಕದ ಟೇಲರ್ ಮಷಿನ್ ತುಳಿಯುವುದನ್ನು ನಿಲ್ಲಿಸಿ ನಕ್ಕ. ನಾನು ನಗಲಿಲ್ಲ.

“ನೋಡ್ರಿ, ನಾ ಮಾರ್ಕೆಟ್ಟಿನಾಗ ನಾಕ ಮಂದಿ ಮುಂದ ಚೀಲ ಇಟ್ಟು ಬಾಳೇ ಮಾಡಾಂವ. ಅವರ ಬಂದು, ‘ನಿನ್ನ ತಂಗಿ ಬಾಯಿಗೆ ಬಂದಷ್ಟು ಬಿಲ್ ಹೇಳತಾಳ’ ಅಂತ ನನಗ ಅಂತಾರ. ಆಕೀಗೆ ಮಷಿನ್ನು ನಡಸಾಕ ಬರೂದಿಲ್ಲ ಅಂತ ಈಗ ನನಗೂ ಅನಸಾಕತ್ತೈತಿ. ಕೋಣಿ ಖಾಲಿ ಮಾಡಿಸಿ ಚೀಲ ಇಟಗೊಂತೀನಿ. ಸುಗ್ಗಿ ಐತಿ, ನನಗೂ ಜಾಗಾ ಬೇಕಾಗೈತಿ.”

“ಬೂತ್ ಹೋದ್ರ ಆಕಿ ಏನ ಮಾಡಬೇಕ್ರಿ?”

“ಮನ್ಯಾಗ ಇರತಾಳ. ಅಣ್ಣ ಅದಾನ, ಅನ್ನಕ್ಕೇನು ಕಮ್ಮಿ?”

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಜುಬೇದಾಳನ್ನು ಬಲ್ಲವರಿಗೆ ಅದರ ಅರ್ಥ ಗೊತ್ತಾಗುತ್ತಿತ್ತು. ಆ ಮೇಜಿನ ಹಿಂದೆ ಕೂತಾಗ ಅವಳನ್ನು ಊರಿನ ದೊಡ್ಡ ವ್ಯಾಪಾರಿಗಳು “ಅಕ್ಕಾರ, ಲಗೂ ಲೈನ್ ಕೊಡ್ರಿ” ಎಂದು ಬೇಡುತ್ತಿದ್ದರು. ಒಳಮನೆಗೆ ಹೋದರೆ ಅವಳು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ವಾರ ತಾಳಿಕೊಳ್ಳಿ ಎಂದು ಇಮಾಮಸಾಬನನ್ನು ಕಳಿಸಿಕೊಟ್ಟೆ. ಮಷಿನ್ ಇಟ್ಟುಕೊಂಡೆ.

ಅವನು ಹೋದ ಮೇಲೆ ಕೂತು ಯೋಚಿಸಿದೆ. ಮಷಿನ್ ಸಾಯುವುದು ಪ್ರಿಂಟರ್ ಓಡುವ ಗಳಿಗೆಯಲ್ಲಿ. ಅಂದರೆ ಒಮ್ಮೆಲೇ ಹೆಚ್ಚು ಕರೆಂಟ್ ಬೇಕಾದಾಗ. ನೀರಿನ ಟಾಕಿಯ ಲೆಕ್ಕ ಹಾಕಿ ನೋಡಿ. ಟಾಕಿ ಎಷ್ಟು ಕೊಡ ಹಿಡಿಯುತ್ತದೆ ಎನ್ನುವುದು ಬೇರೆ, ನಳದಿಂದ ಎಷ್ಟು ಜೋರಾಗಿ ನೀರು ಬೀಳುತ್ತದೆ ಎನ್ನುವುದು ಬೇರೆ. ಟಾಕಿ ತುಂಬಿದ್ದೂ ನಳಕ್ಕೆ ಕೆಸರು ಕಟ್ಟಿದ್ದರೆ ಕೊಡ ತುಂಬುವುದಿಲ್ಲ. ನನ್ನ ಎರಡೂ ಮೀಟರುಗಳು ಟಾಕಿಯನ್ನು ಅಳೆಯುತ್ತಿದ್ದವು. ನಳವನ್ನು ಅಳೆಯುವುದು ನನ್ನಲ್ಲಿ ಇರಲಿಲ್ಲ. ಕಂಡೆನ್ಸರಿನ ಒಳಗಿನ ಈ ಅಡ್ಡಿಗೆ ಈಕ್ವಿವಲೆಂಟ್ ಸೀರೀಸ್ ರೆಸಿಸ್ಟೆನ್ಸ್, ಚಿಕ್ಕದಾಗಿ ಇ.ಎಸ್.ಆರ್. ಎನ್ನುತ್ತಾರೆ. ಓಮ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಮರುದಿನ ಹಾವೇರಿಗೆ ಹೋದೆ. ಜಿಲ್ಲೆಯಾದ ಮೇಲೆ ಅಲ್ಲಿ ವೀರಭದ್ರಪ್ಪ ಎಂಬುವವರು ಬಿಡಿಭಾಗಗಳ ದೊಡ್ಡ ಅಂಗಡಿ ತೆಗೆದಿದ್ದರು; ಮುಂಬೈಯಿಂದ ಮಾಲು ತರಿಸುತ್ತಿದ್ದರು. ಹೋಗುವಾಗ ಕಿಸೆಯಲ್ಲಿ ಎರಡು ಕಂಡೆನ್ಸರ್ ಹಾಕಿಕೊಂಡಿದ್ದೆ. ಒಂದು ಹೊಸದು. ಇನ್ನೊಂದು ಯಾವುದೋ ಟಿ.ವಿ.ಯಿಂದ ಬಿಚ್ಚಿದ್ದು, ಅದನ್ನು ಬದಲಿಸಿದ ಮೇಲೆಯೇ ಆ ಟಿ.ವಿ.ಯ ಚಿತ್ರ ಸರಿಯಾಗಿದ್ದರಿಂದ ಅದು ಕೆಟ್ಟಿದ್ದು ಎಂಬುದು ಖಾತ್ರಿ. ಮೀಟರ್ ಕೊಳ್ಳಲು ಹೋಗುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ಒಳ್ಳೆಯ ಮಾಲಿನ ಜೊತೆ ಖಾತ್ರಿಯಾಗಿ ಕೆಟ್ಟ ಮಾಲನ್ನೂ ಒಯ್ಯಿರಿ. ಒಳ್ಳೆಯದನ್ನು ಒಳ್ಳೆಯದು ಎನ್ನಲು ಮೀಟರೇ ಬೇಕಿಲ್ಲ.

ವೀರಭದ್ರಪ್ಪನವರು ಮೊದಲು ತೆಗೆದದ್ದು ಅಂಗೈಗಿಂತ ದೊಡ್ಡದಾದ ಹಳದಿ ಡಿಜಿಟಲ್ ಮೀಟರ್. ಅಂಕಿ ದಪ್ಪ, ಸುತ್ತ ಇಪ್ಪತ್ತು ತರಹದ ಅಳತೆ.

“ಟ್ರಾನ್ಸಿಸ್ಟರ್ ನೋಡತೈತಿ, ಕಾವು ನೋಡತೈತಿ, ಕಂಡೆನ್ಸರ್ ಎಷ್ಟ ದೊಡ್ಡದಿದ್ರೂ ನೋಡತೈತಿ. ಕಣ್ಣ ಮುಚ್ಚಿ ಒಯ್ರಿ.”

“ಕಣ್ಣ ತಗದ ನೋಡೂನ್ರಿ ಮೊದಲ,” ಎಂದು ಕಿಸೆಯಿಂದ ಎರಡನ್ನೂ ತೆಗೆದು ಕೊಟ್ಟೆ. ಹಚ್ಚಿ ನೋಡಿದರು. ಎರಡಕ್ಕೂ ಅಂಕಿ ಹೆಚ್ಚುಕಡಿಮೆ ಒಂದೇ.

“ಎರಡೂ ಚಲೋ ಅದಾವ.”

“ಒಂದು ಸತ್ತೈತ್ರಿ. ಯಾವುದು ಹೇಳ್ರಿ ನೋಡೋಣ.”

ಅವರು ನನ್ನ ಮುಖ ನೋಡಿ, ಒಳಗೆ ಹೋಗಿ, ಧೂಳು ಹಿಡಿದ ಒಂದು ಸಣ್ಣ ಡಬ್ಬಿ ತಂದರು. ಮುಳ್ಳಿನ ಮೀಟರ್. ಮೇಲೆ ಓಮ್ ಗೆರೆ ಬಿಟ್ಟರೆ ಮತ್ತೇನಿಲ್ಲ. ಬೆನ್ನಿಗೆ ಯಾವ ಅಳತೆಯ ಕಂಡೆನ್ಸರಿಗೆ ಎಷ್ಟು ಓಮ್ ತನಕ ನಡೆಯುತ್ತದೆ ಎಂಬ ತಖ್ತೆ ಅಂಟಿಸಿತ್ತು. ಹೊಸದಕ್ಕೆ ಹಚ್ಚಿದಾಗ ಮುಳ್ಳು ಸೊನ್ನೆಯ ಹತ್ತಿರ ಹೋಗಿ ನಿಂತಿತು. ಸತ್ತದ್ದಕ್ಕೆ ಹಚ್ಚಿದಾಗ ಅರ್ಧ ದಾರಿಯಲ್ಲೇ ಕೂತಿತು.

“ಇದ ಬೇಕ್ರಿ.”

“ಒಂದ ಕೆಲಸ ಮಾಡೂ ಮೀಟರ್ ಒಯ್ದು ಏನ ಮಾಡತೀರಿ, ಶಿವಣ್ಣಾರ? ಇದನ್ನ ಕೇಳಿದವರ ಯಾರೂ ಇಲ್ಲ.”

ಅದು ಬಾಯಿ ತಪ್ಪಿ ಆಡಿದ ಮಾತು. ಯಾರೂ ಕೇಳದ ಮಾಲಿಗೆ ರೇಟ್ ಯಾಕ್ರಿ ಅಷ್ಟು ಎಂದು ನಾನು ಅಲ್ಲಿಂದಲೇ ಹಿಡಿದೆ. ಚಹಾ ಬಂದು ಹೋಗುವ ಹೊತ್ತಿಗೆ ದರ ಇಳಿಯಿತು, ಜೊತೆಗೆ ಇನ್ನೊಂದು ಜೋಡಿ ತಂತಿ ಬಂತು, ಕೆಲಸಕ್ಕೆ ಬಾರದಿದ್ದರೆ ವಾರದೊಳಗೆ ವಾಪಸ್ ಎಂಬ ಮಾತೂ ಬಂತು. ಮೈಮೇಲೆ ೧೦೫ ಡಿಗ್ರಿ ಎಂದು ಬರೆದ ಕಂಡೆನ್ಸರುಗಳನ್ನೂ ಒಂದು ಮುಷ್ಟಿ ಕೊಂಡೆ. ೮೫ ಡಿಗ್ರಿಯವು ಅಗ್ಗ, ಆದರೆ ಕಾವಿನ ಜಾಗದಲ್ಲಿ ಬೇಗ ಒಣಗುತ್ತವೆ.

ಆ ಮೀಟರಿನ ದೊಡ್ಡ ಗುಣವೆಂದರೆ ಕಂಡೆನ್ಸರನ್ನು ಬೋರ್ಡಿನಿಂದ ಬಿಚ್ಚಬೇಕಿಲ್ಲ, ಇದ್ದಲ್ಲೇ ನೋಡಬಹುದು. ಅದು ಕಳಿಸುವ ಕರೆಂಟ್ ಅಷ್ಟು ಸಣ್ಣದು, ಉಳಿದ ಭಾಗಗಳು ಎಚ್ಚರಾಗುವುದೇ ಇಲ್ಲ. ಆದರೆ ಎರಡು ಮಾತು ನೆನಪಿಡಬೇಕು. ಮಷಿನ್ನಿನ ಪ್ಲಗ್ ಕಿತ್ತು, ಕಂಡೆನ್ಸರಿನಲ್ಲಿ ಉಳಿದ ಕರೆಂಟನ್ನು ಬರಿದು ಮಾಡಿಯೇ ತಂತಿ ಮುಟ್ಟಿಸಬೇಕು. ಇಲ್ಲದಿದ್ದರೆ ಮೀಟರೇ ಸುಡುತ್ತದೆ. ಇನ್ನು, ಒಳಗೆ ಪೂರ್ತಿ ಶಾರ್ಟ್ ಆದ ಕಂಡೆನ್ಸರಿಗೂ ಈ ಮೀಟರ್ ಸೊನ್ನೆ ತೋರಿಸಿ ಶಭಾಷ್ ಎನ್ನುತ್ತದೆ. ಹಾಗಾಗಿ ಹಳೆಯ ಮಲ್ಟಿಮೀಟರನ್ನು ಅಟ್ಟಕ್ಕೆ ಎಸೆಯುವ ಹಾಗಿಲ್ಲ.

ಮಧ್ಯಾಹ್ನ ರಾಣೆಬೆನ್ನೂರಿಗೆ ಬಂದು, ತಗಡಿನ ಮಾಡಿನ ಕೆಳಗೆ ಕೂತು ಜುಬೇದಾಳ ಮಷಿನ್ ನೋಡಿದೆ. ಪವರ್ ಸಪ್ಲೈ ಭಾಗದಲ್ಲಿ, ಕಾವು ಹೊರಹಾಕುವ ಅಲ್ಯೂಮಿನಿಯಮ್ ತಗಡಿಗೆ ಅಂಟಿದಂತೆ, ಒಂದು ಸಾವಿರ ಮೈಕ್ರೋಫ್ಯಾರಡ್ಡಿನ ಕಂಡೆನ್ಸರ್ ಇತ್ತು. ಅನುಮಾನ ಅದರ ಮೇಲೇ. ಹಚ್ಚಿದೆ. ಮುಳ್ಳು ತಖ್ತೆ ಹೇಳಿದ ಗಡಿಯನ್ನು ಮುಟ್ಟಿ ನಿಂತಿತು, ದಾಟಲಿಲ್ಲ. ಪ್ಲಗ್ ಹಚ್ಚಿದರೆ ಮಷಿನ್ ಎಂದಿನಂತೆ ಚೀಟಿ ಹೊಡೆಯಿತು.

ಮನಸ್ಸಿಗೆ ಬಹಳ ಬೇಸರವಾಯಿತು. ಹೊಸದು ಹಾಕಿ ಕಳಿಸಬಹುದಿತ್ತು. ಆದರೆ ಇಲ್ಲಿ ಕೆಡದ ಮಷಿನ್ನಿಗೆ ಇಲ್ಲಿ ಏನು ಹಾಕಿದರೂ ಅದು ಸರಿಹೋಯಿತು ಎಂದು ಹೇಳುವುದು ಹೇಗೆ? ಇನ್ನೊಮ್ಮೆ ತಪ್ಪಿದರೆ ಕೋಣೆಗೆ ಚೀಲ ಬರುತ್ತವೆ. ಮಷಿನ್ನನ್ನು ನಾನೇ ಒಯ್ಯುವುದು, ಅದು ಎಲ್ಲಿ ಸಾಯುತ್ತದೋ ಅಲ್ಲೇ ನೋಡುವುದು ಎಂದು ಗಟ್ಟಿ ಮಾಡಿಕೊಂಡೆ.

ಮರುದಿನ ಬ್ಯಾಡಗಿಯ ಮೊದಲ ಬಸ್ಸು. ಒಳ್ಳೆಯ ಚಳಿ ಇತ್ತು. ಡ್ರೈವರ್ ಪರಿಚಯದವನೇ, ಇಷ್ಟು ದಿನ ಮಷಿನ್ ತಂದು ಒಯ್ದವನು.

“ಅದನ್ನ ಯಾಕ ಹೊತಗೊಂಡ ಕುಂತೀರಿ? ಅದರ ಜಾಗಾದಾಗ ಇಡ್ರಿ,” ಎಂದ.

ಅದರ ಜಾಗ ಎಂದರೆ ಅವನ ಪಕ್ಕದ ಬಾನೆಟ್, ಎಂಜಿನ್ ಮುಚ್ಚಿದ ದಪ್ಪ ಮುಚ್ಚಳ. ಇಟ್ಟೆ. ನಾನೂ ಪಕ್ಕದ ಸೀಟಿನಲ್ಲಿ ಕೂತು ಚಳಿಗೆ ಕೈ ಕಾಯಿಸಿಕೊಳ್ಳುತ್ತ ಬಂದೆ. ಮೋಟೆಬೆನ್ನೂರು ದಾಟುವಾಗ ಬಸ್ ಕುಲುಕಿ ಮಷಿನ್ ಜಾರಿತು. ಹಿಡಿಯಲು ಅದರ ಅಡಿಗೆ ಕೈ ಹಾಕಿದೆ. ಆಗತಾನೆ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಿತ್ತು.

ಕೈ ಅಲ್ಲೇ ನಿಂತಿತು. ಬ್ಯಾಡಗಿಯಲ್ಲಿ ರಾತ್ರಿಯೆಲ್ಲ ತಣ್ಣಗಾದ ಮಷಿನ್ ಬೆಳಿಗ್ಗೆ ಸಾಯುತ್ತದೆ; ಹೊತ್ತೇರಿ ತಾನೇ ಕಾದ ಮೇಲೆ ಬದುಕುತ್ತದೆ. ನನಗೆ ಕಳಿಸುವಾಗ ಬಾನೆಟ್ ಮೇಲೆ ಕೂತು ಬೆಚ್ಚಗಾಗಿ ಬರುತ್ತದೆ. ಇಳಿಸಿಕೊಂಡ ಕೂಡಲೇ ನಾನು ನೋಡುತ್ತೇನೆ, ಸಂಜೆ ತಗಡಿನ ಮಾಡಿನ ಕಾವಿನಿಂದ ತೆಗೆದು ವಾಪಸ್ ಬಾನೆಟ್ ಮೇಲೆ ಕೂಡಿಸುತ್ತೇನೆ. ನಿನ್ನೆ ಮೀಟರ್ ಹಚ್ಚಿದ್ದೂ ಸುಡು ಮಧ್ಯಾಹ್ನದಲ್ಲಿ. ಒಣಗಿದ ಕಂಡೆನ್ಸರಿನ ಒಳಗೆ ಉಳಿದ ಚೂರು ಪಸೆ ಬೆಚ್ಚಗಿದ್ದರೆ ಕೆಲಸ ಮಾಡುತ್ತದೆ, ತಣ್ಣಗಾದರೆ ಸೆಟೆದುಕೊಳ್ಳುತ್ತದೆ. ಈ ಮಷಿನ್ ತಣ್ಣಗಿದ್ದಾಗ ನಾನು ಒಂದು ಸಲವೂ ಹಚ್ಚಿ ನೋಡಿರಲಿಲ್ಲ.

ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ, ಕಿಟಕಿ ತೆಗೆದು, ತೊಡೆಯ ಮೇಲಿಟ್ಟುಕೊಂಡು ಗಾಳಿಗೆ ಹಿಡಿದೆ.

“ಕಿಡಕಿ ಮುಚ್ಚರೀ ಯಪ್ಪಾ, ಥಂಡಿಗೆ ಸಾಯಾಕತ್ತೀವಿ!” ಎಂದು ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು.

“ಮಷಿನ್ನಿಗೆ ಥಂಡಿ ಹತ್ತಸಾಕತ್ತೇನ್ಯವ್ವಾ.”

“ಮಷಿನ್ನಿಗೆ ಹತ್ತಿಸಿ ನಮಗ ಡಾಕ್ಟರ್ ತೋರಿಸಾವ ನೀನ ಏನು?”

ಬೂತಿಗೆ ಹೋದಾಗ ಜುಬೇದಾ ಆಗತಾನೆ ಬಾಗಿಲು ತೆಗೆದಿದ್ದಳು. ಇಮಾಮಸಾಬ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಅವನ ಕಾಲ ಬಳಿ ಖಾಲಿ ಚೀಲದ ಎರಡು ಕಟ್ಟು ಆಗಲೇ ಬಂದು ಕೂತಿದ್ದವು. ಇಬ್ಬರು ವ್ಯಾಪಾರಿಗಳು ಕಾಯುತ್ತಿದ್ದರು.

“ಮಷಿನ್ನು ತಾನೂ ಬಂತು, ಡಾಕ್ಟರನ್ನೂ ಕರಕೊಂಡು ಬಂತು,” ಎಂದಳು ಜುಬೇದಾ.

ನಾನು ಪ್ಲಗ್ ಹಚ್ಚುವ ಮೊದಲೇ ಮುಚ್ಚಳ ಬಿಚ್ಚಿ, ಅದೇ ಕಂಡೆನ್ಸರಿಗೆ ಮೀಟರ್ ಹಚ್ಚಿದೆ. ನಿನ್ನೆ ಗಡಿಯಲ್ಲಿ ನಿಂತಿದ್ದ ಮುಳ್ಳು ಇಂದು ಮೂರು ಓಮಿನ ಆಚೆ ಕೂತಿತ್ತು. ಆ ಅಳತೆಗೆ ಅರ್ಧ ಓಮ್ ಕೂಡ ಹೆಚ್ಚು. ಯಾರಿಗೂ ಏನೂ ಹೇಳದೆ ಮಷಿನ್ ಹಚ್ಚಿ, ಮೊದಲ ವ್ಯಾಪಾರಿಗೆ ಲೈನ್ ಕೊಡಲು ಹೇಳಿದೆ. ಅವನು ಮುಂಬೈಗೆ ಮಾತಾಡಿ ಬಂದ. ಕಿರ್ ಎಂದಿತು, ಅಂಕಿ ಆರಿದವು, ಸೊನ್ನೆ ಬಂತು.

“ಇವತ್ತೂ ಫುಕಟ್!” ಎಂದು ಅವನು ನಕ್ಕ.

“ಗಡಿಯಾರ ನೋಡೇನ್ರಿ ಸಾವಕಾರ್ರ, ಮೂರ ಮಿನಿಟ್ ಆಗೈತಿ,” ಎಂದಳು ಜುಬೇದಾ. ಅವಳ ಮುಖ ಕೆಂಪೇರಿತ್ತು. ಅಣ್ಣ ಲೋಟ ಕೆಳಗಿಟ್ಟ.

ನಾನು ಪ್ಲಗ್ ಕಿತ್ತು, ಕಂಡೆನ್ಸರ್ ಬರಿದು ಮಾಡಿ, ಇಮಾಮಸಾಬನನ್ನು ಕರೆದು ಮೀಟರಿನ ಮುಂದೆ ನಿಲ್ಲಿಸಿದೆ. ಕಾದ ಸೋಲ್ಡರಿಂಗ್ ಐರನ್ನನ್ನು ಕಂಡೆನ್ಸರಿಗೆ ತಾಗದಂತೆ ಹತ್ತಿರ ಹಿಡಿದೆ. ಮುಳ್ಳು ನಿಧಾನವಾಗಿ ಸೊನ್ನೆಯ ಕಡೆ ಸರಿಯತೊಡಗಿತು. ಅಷ್ಟು ಬಂದ ಮೇಲೆ ಮಷಿನ್ ಹಚ್ಚಿ ಎರಡನೆಯ ವ್ಯಾಪಾರಿಗೆ ಲೈನ್ ಕೊಡಿಸಿದೆ. ಚೀಟಿ ಪೂರ್ತಿ ಬಂತು.

“ಥಂಡಿ ಇದ್ರ ಸಾಯತೈತಿ, ಕಾವು ಹತ್ತಿದ್ರ ಏಳತೈತಿ,” ಎಂದೆ. “ನನ್ನ ಕಡೆ ಬರೂವಾಗ ಬಾನೆಟ್ ಮ್ಯಾಲೆ ಕಾಯಿಸಿಕೊಂಡು ಬರತಿತ್ರಿ. ನಿಮ್ಮ ತಂಗಿ ಹೇಳಿದ್ದು ಖರೇ, ನಾ ನೋಡಿದ್ದೂ ಖರೇ.”

ಇಮಾಮಸಾಬ ಮುಳ್ಳನ್ನೇ ನೋಡುತ್ತಿದ್ದ. “ಮತ್ತ ಆಕಿ ಮೊದಲ ದಿನಾನ ಮುಂಜಾನೆ ಅಷ್ಟ ಅಂದಿದ್ಲಲ್ರಿ.”

“ಅಂದಿದ್ಲು. ನಾವಿಬ್ಬರೂ ಕೇಳಲಿಲ್ಲ.”

ಮೊದಲನೆಯ ವ್ಯಾಪಾರಿ ತಾನಾಗಿಯೇ ಕಿಸೆಗೆ ಕೈ ಹಾಕಿ, “ಮೂರ ಮಿನಿಟಿಗೆ ಎಷ್ಟಾತ್ರಿ, ಅಕ್ಕಾರ?” ಎಂದ.

ಹಳೆಯ ಕಂಡೆನ್ಸರ್ ಕಿತ್ತು ೧೦೫ ಡಿಗ್ರಿಯದನ್ನು ಹಾಕಿದೆ. ಕಾವಿನ ತಗಡಿನಿಂದ ಅದನ್ನು ಚೂರು ದೂರಕ್ಕೆ ಬಗ್ಗಿಸಿದೆ. ಮುಳ್ಳು ಸೊನ್ನೆಯ ಪಕ್ಕ ನಿಂತಿತು. ಇಮಾಮಸಾಬ ಚೀಲದ ಕಟ್ಟನ್ನು ವಾಪಸ್ ಒಯ್ಯಲು ಹೆಗಲಿಗೆ ಏರಿಸಲು ಬಗ್ಗಿದಾಗ ನಾನೇ ತಡೆದೆ.

“ಈಗ ಮಷಿನ್ನು ಬೆಚ್ಚಗೈತಿ. ಈಗಿನ ನನ್ನ ಮಾತು ನಂಬಬ್ಯಾಡ್ರಿ. ನಾಳೆ ಮುಂಜಾನೆ ಏನಂತೈತಿ ನೋಡ್ರಿ, ಆಮ್ಯಾಲೆ ಚೀಲದ ವಿಚಾರ ಮಾಡ್ರಿ.”

ಮರುದಿನ ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು.

“ಶಿವಣ್ಣಾ, ಇವತ್ತು ನಿನ್ನೆಕಿಂತ ಹೆಚ್ಚ ಥಂಡಿ ಐತಿ. ಮುಂಜಾನಿಂದ ಒಂದೂ ಬಿಲ್ ತಪ್ಪಿಲ್ಲ.”

“ಭಾಯಿ ಏನಂತಾರ?”

“ಚೀಲ ಹೊತಗೊಂಡು ಹಿತ್ತಲಕ್ಕ ಹೋಗ್ಯಾನ. ಅಲ್ಲೆ ತಗಡ ಹೊದಿಸ್ತೀನಿ ಅನ್ನಾಕತ್ತಾನ. ಮತ್ತ ಈ ಫೋನಿಂದೂ ಬಿಲ್ ಬರತೈತಿ ಈಗ. ನಿನ್ನ ರಿಪೇರಿದಾಗ ಮುರಕೊಂತೀನಿ.”

ಆಮೇಲೆ ನಾನು ಅದೇ ದಿನ ವಾಪಸ್ ಎಂಬ ಪದ್ಧತಿ ಬಿಟ್ಟೆ. ಕೆಲವು ಗಿರಾಕಿಗಳು ಬೈದರು, ಇಬ್ಬರು ಬೇರೆ ಅಂಗಡಿಗೂ ಹೋದರು. ಬಸ್ಸಿನಲ್ಲಿ ಬಂದ ಯಾವ ಸಾಮಾನೇ ಇರಲಿ, ಒಂದು ರಾತ್ರಿ ಕಲ್ಲಿನ ಹಾಸಿನ ಮೇಲೆ ಮಲಗಬೇಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಪ್ಲಗ್ ಹಚ್ಚುವ ಮೊದಲು ಮೀಟರ್. ಈ ಕಸುಬಿಗೆ ಬರುವ ಹುಡುಗರು ಯಾವ ಮೀಟರ್ ಕೊಳ್ಳಬೇಕು ಎಂದು ನನ್ನನ್ನು ಈಗಲೂ ಕೇಳುತ್ತಾರೆ. ಕಂಪನಿಯ ಹೆಸರು ಹೇಳುವುದಿಲ್ಲ. ನಳ ಅಳೆಯುವುದನ್ನು ಕೊಳ್ಳಿ, ಕೆಟ್ಟ ಮಾಲು ಒಯ್ದು ನೋಡಿ ಕೊಳ್ಳಿ ಎನ್ನುತ್ತೇನೆ. ಕೊಂಡ ಮೇಲೆ, ಮಷಿನ್ನಿಗೆ ಅದನ್ನು ಹಚ್ಚುವ ಮೊದಲು, ಆ ಮಷಿನ್ನಿನ ಮುಂದೆ ದಿನವೂ ಕೂರುವವರು ಏನು ಹೇಳುತ್ತಾರೆ ಎಂದು ಕೇಳಿ. ಮುಂಜಾನೆ ಅಷ್ಟ ಎಂದರೆ ಮುಂಜಾನೆಯೇ ಹೋಗಿ ನೋಡಿ.